ವಿಮಾನದಲ್ಲಿ ಕೂತ ಸ್ಕೂಟರ್

ಪೆಟ್ರೋಲ್ ರೇಟು ಏರಿದ ದಿನ ನಮ್ಮ ಮನೆಯಲ್ಲಿ ಯಾರೂ ಪೇಪರ್ ಓದಬೇಕಾಗಿರಲಿಲ್ಲ. ಅಪ್ಪನ ಗಂಟಲೇ ಸಾಕಾಗಿತ್ತು. ಬ್ರೂಸ್‌ಪೇಟೆಯ ತಮ್ಮ ಬೀಜದಂಗಡಿಯಲ್ಲಿ ಕೂತು ಅವರು ಒಂದು ಪಕ್ಷವನ್ನು ಬೈದರೆ, ಎದುರಿನ ಬಟ್ಟೆ ಅಂಗಡಿಯವರು ಇನ್ನೊಂದನ್ನು ಬೈಯುತ್ತಿದ್ದರು. ದಿಲ್ಲಿಯವರು ತೆರಿಗೆ ಏರಿಸಿದಾಗ ಇವರು ಬೀದಿಗಿಳಿದರು, ಬೆಂಗಳೂರಿನವರು ಏರಿಸಿದಾಗ ಅವರು ಇಳಿದರು. ಘೋಷಣೆ ಮಾತ್ರ ಎರಡೂ ಕಡೆ ಅದೇ. ನನಗೋ ಮೈಯೆಲ್ಲ ಉರಿಯುತ್ತಿತ್ತು. ಸಿರುಗುಪ್ಪದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು. ನೆಲದಡಿಯ ಎಣ್ಣೆ ಒಂದು ದಿನ ತೀರಿಹೋಗುತ್ತದೆ ಎಂದು ಮಕ್ಕಳಿಗೆ ಪಾಠ ಮಾಡಿ, ಬಸ್ಸಿನಲ್ಲಿ ನುಗ್ಗಾಡಿ ಬಳ್ಳಾರಿಗೆ ಬಂದರೆ, ಮನೆಯಲ್ಲಿ ಬರೀ ತೆರಿಗೆಯ ಜಗಳ.

"ಅಪ್ಪಾ, ರೇಟು ಇವತ್ತು ಏರ್ತೈತಿ, ನಾಳಿ ಇಳಿತೈತಿ. ಎಣ್ಣೀನ ಮುಗದ್ರ ಯಾರ ಮ್ಯಾಲ ಒದರ್ತೀರಿ?" ಎಂದು ಒಂದು ಸಲ ಕೇಳೇಬಿಟ್ಟೆ.

"ನೆಲದಾಗಿನ ಎಣ್ಣಿಗೆ ಓಟೈತೇನವ್ವಾ?" ಎಂದು ನಕ್ಕರು. ನಗಲಿ, ಅವರು ಹೇಳಿದ್ದೂ ಸುಳ್ಳಲ್ಲ.

ಆಮೇಲೆ ಅವರ ಪಕ್ಷದವರು ಗಾಡಿಯೊಂದಕ್ಕೆ ಅಣಕು ಶವಯಾತ್ರೆ ಮಾಡಲು ನಿಶ್ಚಯಿಸಿದರು. ಕೂಗುವುದಕ್ಕೆ ಬೇಕಾದಷ್ಟು ಮಂದಿ ಇದ್ದರು, ತಮ್ಮ ಗಾಡಿಯನ್ನು ಹೆಣ ಮಾಡಲು ಒಬ್ಬರೂ ಒಪ್ಪಲಿಲ್ಲ. ಅಪ್ಪ ಎದೆ ಸೆಟೆಸಿಕೊಂಡು ತಮ್ಮ ಸ್ಕೂಟರ್ ಕೊಟ್ಟರು. ಮದುವೆಯಾದ ಹೊಸದರಲ್ಲಿ ಕೊಂಡ ಸ್ಕೂಟರ್ ಅದು. ಪ್ರತಿ ಸೋಮವಾರ ಅವ್ವನನ್ನು ಹಿಂದೆ ಕೂರಿಸಿಕೊಂಡು ಕುರುಗೋಡಿನ ಬಸವಣ್ಣನ ದರ್ಶನಕ್ಕೆ ಹೋಗುತ್ತಿದ್ದುದು ಅದರಲ್ಲೇ. ಅಂಗಡಿ, ಪಕ್ಷ, ನೆಂಟರು ಎಂದು ಓಡಾಡುವ ಅಪ್ಪ ಅವ್ವನಿಗೆ ಪೂರ್ತಿಯಾಗಿ ಸಿಗುತ್ತಿದ್ದುದೂ ಆ ದಾರಿಯಲ್ಲಿ ಮಾತ್ರ.

ಗಾಡಿಯನ್ನು ಚಟ್ಟದ ಮೇಲೆ ಮಲಗಿಸಲು ಹೊರಟಾಗ ಪೆಟ್ರೋಲ್ ಸೋರತೊಡಗಿತಂತೆ. "ಏ, ಮಲಗಿಸಬ್ಯಾಡ್ರಲೇ, ನಮ್ಮ ಪದ್ಧತಿಯಂಗ ಕುಂದ್ರಸ್ರಿ," ಎಂದರಂತೆ ಅಪ್ಪ. ನಮ್ಮವರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಬಿದಿರಿನ ವಿಮಾನ ಕಟ್ಟಿ, ಹೂವಿನಿಂದ ಸಿಂಗರಿಸಿ, ಅದರಲ್ಲಿ ಕೂರಿಸಿ ಒಯ್ಯುತ್ತಾರೆ. ಸ್ಕೂಟರ್ ಸ್ಟ್ಯಾಂಡ್ ಹಾಕಿಕೊಂಡು ವಿಮಾನದಲ್ಲಿ ಲಕ್ಷಣವಾಗಿ ಕೂತಿತು. ಹೆಡ್‌ಲೈಟಿಗೆ ವಿಭೂತಿ, ಹ್ಯಾಂಡಲಿಗೆ ಚೆಂಡು ಹೂವಿನ ಹಾರ. ಅಪ್ಪ ಅದರ ಹಿಂದೆ ಬಾಯಿ ಬಾಯಿ ಬಡಿದುಕೊಳ್ಳುತ್ತ ಡಿಸಿ ಆಫೀಸಿನವರೆಗೆ ನಡೆದರು. ಆ ವಿಡಿಯೋ ಅವರಿಗಿಂತ ಮೊದಲೇ ಅವ್ವನ ಫೋನಿಗೆ ಬಂತು.

ಅವರು ಅದೇ ಗಾಡಿ ಓಡಿಸಿಕೊಂಡು ಮನೆಗೆ ಬಂದಾಗ ಅವ್ವ ಹೊಸ್ತಿಲಲ್ಲೇ ನಿಂತಿದ್ದಳು.

"ವಿಮಾನದಾಗ ಕುಂತು ಬಂದ ಗಾಡಿ ಮ್ಯಾಲ ನಾ ಕುಂದ್ರಂಗಿಲ್ಲ."

"ಲೇ, ಅದು ನಾಟಕ ಐತಿ."

"ನಿಮಗ ನಾಟಕ. ನನ್ನ ಕಣ್ಣಿಗೆ ವಿಮಾನದಾಗ ನೀವ ಕಂಡ್ರಿ. ನೀವೂ ಅದನ್ನ ಹತ್ತಬ್ಯಾಡ್ರಿ ಅಂತೀನಿ."

ಅಪ್ಪ ಗಾಡಿ ತೊಳೆಸಿದರು, ಅಯ್ಯನವರನ್ನು ಕರೆಸಿ ತೀರ್ಥ ಹಾಕಿಸಿದರು. ಊಹೂಂ, ಅವ್ವ ಹತ್ತಲಿಲ್ಲ. ಅಷ್ಟರಲ್ಲಿ ಇನ್ನೊಂದು ಪಕ್ಷಕ್ಕೆ ಪ್ರತಿಭಟನೆಯ ಸರದಿ ಬಂತು. ಅವರ ಕಡೆಯವನೊಬ್ಬ ಅದೇ ಗಾಡಿ ಕೇಳಿಕೊಂಡು ಬಂದ, ವಿಮಾನದಲ್ಲಿ ಚೆನ್ನಾಗಿ ಕೂರುತ್ತದಂತೆ! "ಒಮ್ಮಿ ಸಾಯಿಸಿದ್ದು ಸಾಲ್ದೇನು?" ಎಂದು ಅವ್ವ ಅವನನ್ನು ಬೀದಿ ದಾಟುವವರೆಗೆ ಬೈದಳು. ನಾನು ನಕ್ಕೆ, ಅಪ್ಪ ನಗಲಿಲ್ಲ.

ಅವ್ವ ಸೋಮವಾರ ಬಿಡಲಿಲ್ಲ, ಗಾಡಿ ಬಿಟ್ಟಳು. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆಗಿತ್ತಲ್ಲ, ಆಧಾರ್ ಕಾರ್ಡ್ ಹಿಡಿದು ಒಬ್ಬಳೇ ಕುರುಗೋಡಿಗೆ ಹೊರಟಳು. "ಹೋಗಲಿ ಬಿಡು, ಎಷ್ಟು ದಿನ ಹೋಗ್ತಾಳ ನೋಡೂಣು," ಎಂದ ಅಪ್ಪ ಅಂಗಡಿಯಲ್ಲಿ ಕೂರಲಾರದೆ ಕೂತರು. ಬರುಬರುತ್ತ ಅದೂ ಆಗಲಿಲ್ಲ. ಸೋಮವಾರ ಬಸ್ಸು ಹೊರಟ ಕೂಡಲೇ ಸ್ಕೂಟರ್ ಹತ್ತಿ ಅದರ ಬೆನ್ನು ಹತ್ತಿದರು. ಹಠಕ್ಕೆ ಬಿದ್ದ ಇಬ್ಬರು, ಒಂದೇ ದೇವರು, ಎರಡು ಗಾಡಿ! ರೇಟು ಏರಿತೆಂದು ಬೀದಿಯಲ್ಲಿ ಅತ್ತವರು ಈಗ ಖಾಲಿ ಸೀಟು ಹೊತ್ತು ಪೆಟ್ರೋಲ್ ಸುಡುತ್ತಿದ್ದಾರಲ್ಲ ಎಂದು ನನಗೆ ಸಿಟ್ಟು. ಅವರ ಮುಖ ನೋಡಿದರೆ ಆ ಸಿಟ್ಟೂ ನಿಲ್ಲುತ್ತಿರಲಿಲ್ಲ.

ರಜೆಯ ಸೋಮವಾರವೊಂದರಲ್ಲಿ ನಾನೂ ಅವ್ವನ ಜೊತೆ ಹೋದೆ. ದರ್ಶನ ಮುಗಿಸಿ ಬಸ್ ಸ್ಟ್ಯಾಂಡಿಗೆ ಬಂದರೆ ಅಪ್ಪ ಅಲ್ಲೇ ಕಾಯುತ್ತಿದ್ದರು. ಸೀಟನ್ನು ಟವೆಲ್ಲಿನಿಂದ ಒರೆಸಿದರು.

"ಹೋಗೋವಾಗರ ಬಾ."

"ನೀವ ಬಸ್ಸಿಗೆ ಬರ್ರಿ. ಅದನ್ನ ಇಲ್ಲೇ ಯಾರಿಗಾರ ಕೊಟ್ಟು ಬರ್ರಿ."

ಅಪ್ಪನ ಕೈ ಹ್ಯಾಂಡಲ್ ಬಿಡಲಿಲ್ಲ. ಅವ್ವ ತಿರುಗಿ ಬಸ್ ಹತ್ತಿದಳು. ಅಪ್ಪ ನನ್ನ ಕಡೆ ನೋಡಿದರು.

"ನೀ ಸಾಲ್ಯಾಗ ಹೇಳ್ತೀಯಲ್ಲವ್ವಾ, ಎಣ್ಣಿ ಮುಗೀತೈತಿ ಅಂತ. ಮುಗದ ಮ್ಯಾಲೂ ಈ ಸೀಟು ಹಿಂಗ ಖಾಲಿ ಇರ್ತೈತೇನು?"

ವರ್ಷಗಟ್ಟಲೆ ಅದೇ ಪಾಠ ಮಾಡಿದವಳು ನಾನು. "ಹೆಲ್ಮೆಟ್ ಹಾಕ್ಕೊಳ್ರಿ ಅಪ್ಪಾ," ಎಂದಷ್ಟೇ ಹೇಳಿ ನಾನೂ ಬಸ್ ಹತ್ತಿದೆ.

ಬಸ್ಸು ಅರ್ಧ ಖಾಲಿ ಇತ್ತು. ಮುಂದೆ ಕಿಟಕಿ ಪಕ್ಕದ ಸೀಟುಗಳಿದ್ದವು. ಅವ್ವ ಅವನ್ನೆಲ್ಲ ದಾಟಿ ಕಟ್ಟಕಡೆಯ ಸೀಟಿಗೆ ಹೋದಳು. "ಅಲ್ಲಿ ನಡ ಮುರೀತೈತಿ, ಮುಂದ ಬಾರವ್ವಾ," ಎಂದೆ. ಬರಲಿಲ್ಲ. ಪ್ರತಿ ಗುಂಡಿಗೂ ಎತ್ತಿ ಹಾಕುತ್ತಿದ್ದ ಆ ಸೀಟಿನಲ್ಲಿ ಹಿಂದಕ್ಕೆ ತಿರುಗಿ, ಎರಡೂ ಕೈಯಿಂದ ಕಂಬಿ ಹಿಡಿದು, ಬಳ್ಳಾರಿ ಬರುವವರೆಗೂ ಹಿಂದಿನ ಗಾಜಿನಲ್ಲಿ ಅಪ್ಪನನ್ನು ನೋಡುತ್ತ ಕೂತಿದ್ದಳು.