ಹಿಂಬದಿಯ ಹೆಸರು

ಬಕೊಲೋಡ್ ನಗರದ ನಮ್ಮ ಬೀದಿಯ ಪುರಿಂಗ್ ಅಕ್ಕ ಹಳೆಯ ಕೈಗಡಿಯಾರ ಸಂಗ್ರಹಿಸಲು ಹೊರಟವರು ಹೊಳೆಯುವವನ್ನೆಲ್ಲ ಬಿಟ್ಟು, ಸಕ್ಕರೆ ಕಾರ್ಖಾನೆ ತನ್ನ ಕೆಲಸಗಾರನೊಬ್ಬನಿಗೆ ನಿವೃತ್ತಿಯ ದಿನ ಕೊಟ್ಟಿದ್ದ ಗಡಿಯಾರವನ್ನು ಮೊದಲು ಆರಿಸಿಕೊಂಡರು. ಹಿಂಬದಿಯಲ್ಲಿ ಅವನ ಹೆಸರು ‘ಫ್ಲಾವಿಯಾನೊ’ ಎಂದು ಕೊರೆದಿತ್ತು. ಹೊಸ ಬೆಲ್ಟ್ ಹಾಕಿಸಲು ಅದನ್ನು ಕೊಂಡ ಅಂಗಡಿಯಲ್ಲೇ ಬಿಟ್ಟು ಬಂದರು.

ಮರುದಿನ ಹೋದರೆ ಅಂಗಡಿಯ ಆ ಮಹಾನುಭಾವ ಹಲ್ಲು ಕಿರಿದ. “ನೋಡಿ ಅಕ್ಕ, ಪಾಲಿಶ್ ಹೊಡ್ದಿದೀನಿ. ಯಾರದ್ದೋ ಹೆಸರು ನಿಮಗ್ಯಾಕೆ ಅಂತ ಉಜ್ಜಿ ತೆಗೆದೆ.”

“ನಿನ್ನ ಕೈ ಸೇದೋಗ! ಬಾಯ್ಲರ್ ಮುಂದೆ ಬೆಂದು ಗಳಿಸಿದ ಹೆಸರು ಕಣೋ ಅದು!”

“ಹೊಸದರ ಹಾಗೆ ಹೊಳೀತಿದೆಯಲ್ಲ?”

“ಹೊಸದು ಬೇಕಿದ್ರೆ ನಿನ್ನ ಹತ್ರ ಯಾಕೆ ಬರ್ತಿದ್ದೆ?”

ಅವನ ಮೇಜಿನ ಮೇಲಿದ್ದ ಚೂಪು ಉಳಿಯನ್ನು ಕಿತ್ತುಕೊಂಡು, ಸಿಟ್ಟಿನಲ್ಲೇ ಅಕ್ಕ ಸೊಟ್ಟಸೊಟ್ಟಗೆ ‘ಫ್ಲಾವಿಯಾನೊ’ ಎಂದು ಮತ್ತೆ ಕೊರೆದರು.

“ಅಯ್ಯೋ, ಹಾಳು ಮಾಡಿದ್ರಲ್ಲ!”

“ಹಾಳು ಮಾಡಿದ್ದು ನೀನು. ನಾನು ರಿಪೇರಿ ಮಾಡ್ದೆ.”