ಜೇಡಕ್ಕೆ ಬಂದ ಜ್ವರ

ಮೂವತ್ತೈದು ವರ್ಷ ರೇಷ್ಮೆ ಹುಳ ಸಾಕಿದ ಗರ್ವ ಪರಿಗಿಯ ರಂಗಲಕ್ಷ್ಮಮ್ಮನಿಗಿತ್ತು. ಇರಬೇಕಾದ ಗರ್ವವೇ ಅದು. ಹಿಂದೂಪುರದ ಗೂಡಿನ ಮಾರುಕಟ್ಟೆಯಲ್ಲಿ ಆಕೆಯ ಗೂಡು ಕೈಗೆತ್ತಿಕೊಂಡವರು ಇನ್ನೊಂದು ರಾಶಿಯ ಕಡೆ ಹೊರಳಿ ನೋಡುತ್ತಿರಲಿಲ್ಲ. ಆದರೆ ಕಲ್ಯಾಣದುರ್ಗದ ಅಳಿಯ ಓಬುಳೇಶನಿಗೆ ಅದು ಬರೀ ಹಳ್ಳಿ ಕೆಲಸ, ವಿದ್ಯೆಯಲ್ಲ. ಮೊಬೈಲ್ ಅಂಗಡಿ ಇಟ್ಟವನು, ಮೊಬೈಲು ಹೇಳಿದ್ದೇ ಅವನಿಗೆ ವೇದ.

ಓಬುಳೇಶನ ಮನೆಗೆ ಒಂದು ಟರಾಂಟುಲಾ ಬಂತು, ಅಂಗೈಯಗಲದ ರೋಮದ ಜೇಡ. ಅವನ ಹೆಂಡತಿ, ರಂಗಲಕ್ಷ್ಮಮ್ಮನ ಮಗಳು ಸುಷ್ಮಾ ಶಾಲೆಯಲ್ಲಿ ವಿಜ್ಞಾನದ ಟೀಚರು. ಸಾಕಲಾಗದ ಗೆಳತಿಯೊಬ್ಬಳು ಕೊಟ್ಟದ್ದನ್ನು ಆಸೆಪಟ್ಟು ತಂದುಕೊಂಡಿದ್ದಳು. ಗಾಜಿನ ಪೆಟ್ಟಿಗೆಗೆ ತೆಂಗಿನ ನಾರಿನ ಪುಡಿ ಹಾಸಿ, ಅಡಗಿಕೊಳ್ಳಲು ಒಡೆದ ಮಡಕೆಯ ಚೂರಿಟ್ಟು, ಪುಟ್ಟ ಮುಚ್ಚಳದಲ್ಲಿ ನೀರಿಟ್ಟಳು. ಜೇಡ ಮಾತ್ರ ಹನ್ನೆರಡು ದಿನ ಏನನ್ನೂ ಮುಟ್ಟಲಿಲ್ಲ. ಸುಷ್ಮಾ ಅಳುತ್ತ ಅಮ್ಮನಿಗೆ ಫೋನ್ ಮಾಡಿದಳು.

“ಮೈ ಕಪ್ಪಾಗಿ ಮಿಂಚ್ತಾ ಐತಾ?” ಎಂದು ರಂಗಲಕ್ಷ್ಮಮ್ಮ ಕೇಳಿದಳು.

“ಹೂಂ ಕಣಮ್ಮ. ಹೊಟ್ಟೆ ಬಿಗಿದ್ಕೊಂಡೈತೆ.”

“ಹಂಗಾದ್ರೆ ಜ್ವರ ಕಣೇ. ತೆಪ್ಪಗೆ ಬಿಟ್ಬುಡು. ನಾಳೆ ಭಾನುವಾರ, ನಾನೇ ಬತ್ತೀನಿ.”

ಹುಳ ಸಾಕುವವರ ಬಾಯಲ್ಲಿ ಜ್ವರ ಅಂದರೆ ಕಾಯಿಲೆಯಲ್ಲ. ಹುಳ ಮೇವು ಬಿಟ್ಟು, ಅಲುಗದೆ ಕೂತು, ಹಳೆಯ ಚರ್ಮ ಕಳಚುವ ಕಾಲ ಅದು. ಕಡಲೆಕಾಯಿ ಬೆಳೆಯುವವರ ಮನೆಯಲ್ಲಿ ಹುಟ್ಟಿದ ಓಬುಳೇಶನಿಗೆ ಇದೆಲ್ಲಿ ಗೊತ್ತು? ‘ಜ್ವರ’ ಎಂಬ ಮಾತೊಂದೇ ಅವನ ಕಿವಿಗೆ ಬಿದ್ದಿತ್ತು. ಬೆಳಿಗ್ಗೆ ಮೆಡಿಕಲ್ ಶಾಪ್ ತೆರೆಯುತ್ತಲೇ ಹೋಗಿ ಮಕ್ಕಳಿಗೆ ಹಾಕುವ ಜ್ವರದ ಡ್ರಾಪ್ಸ್ ತಂದುಬಿಟ್ಟ.

ಎರಡು ಬಸ್ಸು ಬದಲಿಸಿ ರಂಗಲಕ್ಷ್ಮಮ್ಮ ಬಂದಾಗ ಜೇಡ ಅಂಗಾತ ಬಿದ್ದಿತ್ತು, ಎಂಟು ಕಾಲೂ ಮೇಲೆ. ಓಬುಳೇಶ ಒಂದು ಕೈಯಲ್ಲಿ ಡ್ರಾಪ್ಸು, ಇನ್ನೊಂದರಲ್ಲಿ ಕಸದ ಮೊರ ಹಿಡಿದು ನಿಂತಿದ್ದ.

“ಅಯಿಪೋಯಿಂದಿ ಅತ್ತೆ, ಮುಗೀತು. ಔಷ್ದಿ ಹಾಕಾನ ಅಂತ ಬಂದ್ರೆ ಆಗ್ಲೇ ಸತ್ತೋಗ್ಬುಟ್ಟೈತೆ. ಎತ್ತಿ ಬಿಸಾಕ್ತೀನಿ.”

ರಂಗಲಕ್ಷ್ಮಮ್ಮನಿಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ರೇಷ್ಮೆ ಹುಳ ಜ್ವರದಲ್ಲಿ ತಲೆಯೆತ್ತಿ ಕೂರುತ್ತದೆ. ಅಂಗಾತ ಬಿದ್ದ ಹುಳ ಸತ್ತ ಹುಳವೇ. ತನ್ನ ಮಾತು ಸುಳ್ಳಾದರೆ ಅಳಿಯ ನಗುವುದಿರಲಿ, ಮಗಳು ಇನ್ನೆಂದೂ ತನ್ನನ್ನು ಒಂದು ಮಾತು ಕೇಳಲಿಕ್ಕಿಲ್ಲ. ಆಕೆ ಕನ್ನಡಕ ಏರಿಸಿ, ಗಾಜಿಗೆ ಮೂಗು ತಾಕುವಷ್ಟು ಬಗ್ಗಿದಳು. ಜೇಡದ ಬೆನ್ನಡಿಯಲ್ಲಿ ಬಿಳಿ ನೂಲಿನ ತೆಳು ಹಾಸೊಂದು ಕಂಡಿತು. ರೇಷ್ಮೆ ಹುಳವೂ ಜ್ವರಕ್ಕೆ ಕೂರುವ ಮುನ್ನ ಎಲೆಯ ಮೇಲೆ ನೂಲು ಬಿಟ್ಟು ಕಾಲು ಊರಿಕೊಳ್ಳುತ್ತದೆ.

“ಮುಟ್ಬ್ಯಾಡಿ ಕಣಪ್ಪ! ಸಾಯೋದು ಯಾವತ್ತಾದ್ರೂ ಹಾಸ್ಗೆ ಹಾಸ್ಕೊಂಡು ಸಾಯ್ತೈತಾ? ಸುಷ್ಮಾ, ತಿನ್ನಕ್ಕೆ ಬಿಟ್ಟಿರೋ ಜಿರಲೆ ಈಚೆ ತೆಗಿ, ಎಳೇ ಮೈಯ ಕಚ್ಬುಡ್ತೈತೆ. ಊದುಬತ್ತಿ ಆರ್ಸು, ಟಿವಿ ನಿಲ್ಸು.”

ಕಲ್ಯಾಣದುರ್ಗದ ಮನೆ ಪರಿಗಿಯ ಹುಳದ ಮನೆಯಾಯಿತು. ಘಾಟು ಆಗದೆಂದು ಒಗ್ಗರಣೆಯೂ ಬಂದ್. ಓಬುಳೇಶ ಸಪ್ಪೆ ಮೊಸರನ್ನ ಉಂಡು, ಮೊಬೈಲ್ ಹಿಡಿದು ಪೆಟ್ಟಿಗೆಯ ಮುಂದೆ ಕೂತ.

ಮೂರು ಗಂಟೆಯ ಹೊತ್ತಿಗೆ ಒಂದು ಕಾಲು ನಡುಗಿತು. ತಲೆಯ ಮೇಲಿನ ಚಿಪ್ಪು ಡಬ್ಬಿಯ ಮುಚ್ಚಳದಂತೆ ತೆರೆದುಕೊಂಡಿತು. ಬಿಗಿಯಾದ ಬಳೆಯಿಂದ ಕೈ ಎಳೆದುಕೊಳ್ಳುವ ಹಾಗೆ ಜೇಡ ಹಳೆಯ ಚರ್ಮದಿಂದ ಎಂಟೂ ಕಾಲನ್ನು ಎಳೆದುಕೊಂಡಿತು. ಸಂಜೆಗೆ ಪೆಟ್ಟಿಗೆಯಲ್ಲಿ ಎರಡು ಜೇಡ! ಒಂದು ಬರೀ ಪೊರೆ. ಇನ್ನೊಂದು ಹೊಸ ಮಖಮಲ್ಲಿನದು, ಮೊದಲಿಗಿಂತ ದೊಡ್ಡದು.

ಸುಷ್ಮಾ ಅಮ್ಮನನ್ನು ತಬ್ಬಿಕೊಂಡು ಕುಣಿದೇಬಿಟ್ಟಳು. ಹತ್ತು ಬೆಳೆ ಒಟ್ಟಿಗೆ ಕೈಗೆ ಹತ್ತಿದಷ್ಟು ಸಂತೋಷ ರಂಗಲಕ್ಷ್ಮಮ್ಮನಿಗೆ.

“ಹಲ್ಲು ಗಟ್ಟಿಯಾಗೋಗಂಟ ಮೇವು ಹಾಕ್ಬ್ಯಾಡ,” ಎಂದಳು, ಏನೂ ಆಗಿಲ್ಲವೆಂಬಂತೆ.

ಓಬುಳೇಶ ಡ್ರಾಪ್ಸಿನ ಸೀಸೆಯನ್ನು ಮೆಲ್ಲಗೆ ಜೇಬಿಗೆ ಇಳಿಸಿದ. ಆಮೇಲೆ ತಾನು ತೆಗೆದ ವೀಡಿಯೊವನ್ನು ಗೆಳೆಯ ರುದ್ರೇಶನಿಗೆ ಕಳಿಸಿ, ಅತ್ತೆಗೆ ಕೇಳಲೆಂದೇ ಫೋನಿನಲ್ಲಿ ಜೋರಾಗಿ ಹೇಳಿದ: “ಜ್ವರ ಅಂದ್ರೆ ಏನಂತ ನಿಂಗೇನ್ಲಾ ಗೊತ್ತು? ನಮ್ಮತ್ತೇನ ಕೇಳು, ಹೇಳ್ಕೊಡ್ತಾರೆ!”