ಟಿಕ್ ಎನ್ನದ ಬೇಲಿ

ಕೊಯಿಲದಿಂದ ಕಲ್ಲುಗುಂಡಿಯವರೆಗೆ ಯಾರ ಸೋಲಾರ್ ಬೇಲಿ ಕೆಟ್ಟರೂ ಉಸ್ಮಾನನೇ ಬರಬೇಕು. ಓದಿದ್ದು ಐದನೇ ಕ್ಲಾಸು, ಸಿಟ್ಟು ಮಾತ್ರ ದೊಡ್ಡ ಇಂಜಿನಿಯರನದ್ದು ಎಂದು ಜನ ನಗುತ್ತಿದ್ದರು. ಕೆಲಸ ಕಲಿಸಿದ ಯೂಸುಫ್ ಬಚ್ಚಲಿನ ಹೀಟರ್ ಮುಟ್ಟಿ ತೀರಿಕೊಂಡ ಮೇಲೆ ಆ ಸಿಟ್ಟು ಇನ್ನೂ ಏರಿತ್ತು. ಒದ್ದೆ ಕೈಯಲ್ಲಿ ಸ್ವಿಚ್ ಹಾಕುವವರನ್ನು ಕಂಡರೆ ಅವರ ಅಜ್ಜನವರೆಗೂ ಬೈಯುತ್ತಿದ್ದ. ಹಾಗಾಗಿ ಅವನ ಕೂಗನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಬೇಲಿಯ ಆರೋಗ್ಯವನ್ನು ಅವನು ಕಿವಿಯಿಂದಲೇ ಹೇಳುತ್ತಿದ್ದ. ತಂತಿಗೆ ಕರೆಂಟು ಬಿಡುವ ಬಾಕ್ಸು ಸೆಕೆಂಡಿಗೊಮ್ಮೆ ಟಿಕ್ ಎನ್ನುತ್ತದೆ. ಒಂದು ಟಿಕ್ಕಿಗೆ ತಂತಿಯಲ್ಲಿ ಒಂದು ಪೆಟ್ಟು, ಮತ್ತೆ ಬಿಡುವು.

ತ್ಯಾಂಪಣ್ಣನ ಬಾಕ್ಸು ಸಿಡಿಲಿಗೆ ಸುಟ್ಟು ಎಂಟು ದಿನ ಉಸ್ಮಾನನ ಅಂಗಡಿಯಲ್ಲಿತ್ತು. ಸರಿಮಾಡಿ ಚೀಲದಲ್ಲಿಟ್ಟುಕೊಂಡು ಅವನು ಸಂಜೆ ಹೊತ್ತಿಗೆ ತ್ಯಾಂಪಣ್ಣನ ಮರಗೆಣಸಿನ ಗದ್ದೆಗೆ ಬಂದ. ಮಳೆ ಆಗಷ್ಟೇ ಬಿಟ್ಟಿತ್ತು. ಒಂದು ಕಪ್ಪೆಯೂ ಕೂಗುತ್ತಿರಲಿಲ್ಲ.

ಕಪ್ಪೆಗಳು ಕೆಳಗಿನ ತಂತಿಯ ಬುಡದಲ್ಲಿದ್ದವು. ಒಂದು, ಎರಡು, ಮುಂದೆ ಮತ್ತೆ ನಾಲ್ಕು, ಹೊಟ್ಟೆ ಮೇಲಾಗಿ. ಆಚೆ ಒಂದು ಮುಂಗುಸಿ, ಹಲ್ಲು ಕಚ್ಚಿಕೊಂಡು. ತಂತಿ ತಾಗಿದ ಹಸಿ ಹುಲ್ಲು ಸಣ್ಣಗೆ ಸುಯ್ ಎನ್ನುತ್ತಿತ್ತು. ನಡುವೆ ಬಿಡುವೇ ಇಲ್ಲ.

ಉಸ್ಮಾನ್ ಚೀಲ ಮುಟ್ಟಿ ನೋಡಿದ. ಬಾಕ್ಸು ಇಲ್ಲೇ ಉಂಟು. ಹಾಗಾದರೆ ಈ ಬೇಲಿಗೆ ಜೀವ ಕೊಟ್ಟವರು ಯಾರು? ಟೆಸ್ಟರ್ ಹಿಡಿದ. ಅದರ ದೀಪ ಮಿಣುಕಲಿಲ್ಲ, ಹೊತ್ತಿ, ಹೊತ್ತಿಕೊಂಡೇ ನಿಂತಿತು.

ಗದ್ದೆಯ ಆ ತುದಿಯಲ್ಲಿ ತ್ಯಾಂಪಣ್ಣನ ಹೆಂಡತಿ ವಸುಮತಿ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದಳು. ಬರಿಗಾಲು, ಒದ್ದೆ ಸೀರೆ. ಬೇಲಿ ದಾಟುವ ಮೊದಲು ಆಕೆ ಟಿಕ್ ಕೇಳುತ್ತದೆಯೇ ಎಂದು ಕಿವಿಗೊಡುವುದು ವಾಡಿಕೆ. ಇವತ್ತು ಟಿಕ್ ಇಲ್ಲ.

"ನಿಲ್ಲಿ! ಮುಟ್ಟಬೇಡಿ!"

"ಉಸ್ಮಾನಾಕ, ಇವತ್ತು ಸಿಟ್ಟು ಯಾರ ಮೇಲೆ?" ಎಂದು ಆಕೆ ನಗುತ್ತ ನಡೆದೇ ಬಂದಳು.

ಓಡಿದರೂ ಅಷ್ಟರಲ್ಲಿ ಅವಳ ಹತ್ತಿರ ತಲುಪಲಾಗದು. ಪಂಪಿನ ಕೊಟ್ಟಿಗೆ ಹತ್ತು ಹೆಜ್ಜೆಯಲ್ಲಿತ್ತು. ಒಳಗೆ ತ್ಯಾಂಪಣ್ಣ ಬೀಡಿ ಹಚ್ಚುತ್ತಿದ್ದ. ಮೈನ್ ಸ್ವಿಚ್ಚಿನಿಂದ ಒಂದು ಕೆಂಪು ವಯರು ಕಿಟಕಿಯಲ್ಲಿ ಹೊರಗೆ ಬೇಲಿಯ ಕಡೆ ಹೋಗಿತ್ತು.

"ಎಂತ ಮಾರಾಯ, ಹೀಗೆ ಓಡಿ..."

ಉಸ್ಮಾನ್ ಅವನನ್ನು ಗೋಡೆಗೆ ದಬ್ಬಿ ಸ್ವಿಚ್ ಕೆಳಗೆಳೆದ. ಕಿಟಕಿಯಲ್ಲಿ ನೋಡಿದರೆ ವಸುಮತಿ ಎಡಗೈಯಲ್ಲಿ ಮೇಲಿನ ತಂತಿ ಎತ್ತಿ ಹಿಡಿದು, ಕೆಳಗಿನ ತಂತಿ ದಾಟಿ, ಹೊರೆ ಸರಿಮಾಡಿಕೊಂಡು ಮನೆ ಕಡೆ ಹೋದಳು.

ಉಸ್ಮಾನ್ ನೆಲಕ್ಕೆ ಕೂತುಬಿಟ್ಟ.

"ಹಂದಿ ನಿನ್ನೆ ರಾತ್ರಿ ಅರ್ಧ ಗದ್ದೆ ಗೆಣಸು ತಿಂದಿತು, ಅದಕ್ಕೆ ಮಧ್ಯಾಹ್ನ ಮೈನಿನ ಕರೆಂಟು ಕೊಟ್ಟೆ," ಎಂದ ತ್ಯಾಂಪಣ್ಣ. "ನಿನ್ನ ಬಾಕ್ಸಿನದ್ದು ಎಂಟು ಸಾವಿರ ವೋಲ್ಟ್ ಅಂತ ನೀನೇ ಹೇಳಿದ್ದು. ಅದು ತಾಗಿದರೇ ಯಾರೂ ಸಾಯುದಿಲ್ಲ. ಇದು ಬರೀ ಇನ್ನೂರ ಮೂವತ್ತು. ಹೇಳುವಂಥದ್ದು ಎಂತ ಅಂತ ಅವಳಿಗೂ ಹೇಳಲಿಲ್ಲ."

"ತೆಂಗಿನ ಮರದ ತುದಿಯಿಂದ ಒಂದು ಹನಿ ನೀರು ತಲೆಗೆ ಬಿದ್ದರೆ ಸಾಯ್ತೀರಾ ತ್ಯಾಂಪಣ್ಣ?"

"ಇಲ್ಲ."

"ಆ ಎತ್ತರ ವೋಲ್ಟೇಜು. ಬಾಕ್ಸು ಎತ್ತರದಿಂದ ಒಂದೊಂದೇ ಹನಿ ಬಿಡ್ತದೆ. ಕುಮಾರಧಾರೆಯಲ್ಲಿ ಎತ್ತರ ಎಷ್ಟುಂಟು? ಸಪಾಟು. ಆದ್ರೆ ಮಳೆಗಾಲದಲ್ಲಿ ಇಳಿದವನನ್ನು ಬಿಡ್ತದಾ? ಆ ಹರಿವು ಕರೆಂಟು. ನೀವು ಹೊಳೆಯನ್ನೇ ಬೇಲಿಗೆ ಕಟ್ಟಿದ್ದೀರಿ. ಎತ್ತರ ನೂಕುದು ಮಾತ್ರ. ಕೊಲ್ಲುದು ಒಳಗೆ ಹರಿದದ್ದು. ಹರಿಯುದು ನಿಲ್ಲುದೂ ಇಲ್ಲ, ಹಿಡಿದ ಕೈ ಬಿಡಲೂ ಆಗುದಿಲ್ಲ. ಯೂಸುಫನನ್ನು ಬಿಡಿಸ್ಲಿಕ್ಕೆ ನಾನು ಮರದ ಸ್ಟೂಲಲ್ಲಿ ಹೊಡೆದೆ. ಬೆರಳು ಬಿಡಲೇ ಇಲ್ಲ."

ಅವನು ಇಷ್ಟು ಮೆಲ್ಲಗೆ ಮಾತಾಡಿದ್ದನ್ನು ತ್ಯಾಂಪಣ್ಣ ಹಿಂದೆ ಕೇಳಿರಲಿಲ್ಲ. ಬೀಡಿ ಅವನ ಬೆರಳಲ್ಲೇ ಆರಿತ್ತು. ಕಣ್ಣು, ಕಿಟಕಿಯಾಚೆ ಹೆಂಡತಿ ದಾಟಿಹೋದ ತಂತಿಯ ಮೇಲಿತ್ತು.

ಉಸ್ಮಾನ್ ಕೆಂಪು ವಯರು ಕಿತ್ತು ಬಾಕ್ಸು ಜೋಡಿಸಿದ. ಟಿಕ್.

ವಸುಮತಿ ಚಹಾ ತಂದಳು. ಒಂದು ಹಸಿ ಹುಲ್ಲಿನ ಎಸಳು ಕಿತ್ತು ಅದರ ತುದಿಯನ್ನು ತಂತಿಗೆ ತಾಗಿಸಿ, ಬೆರಳು ಜುಮ್ಮೆಂದಾಗ ನಕ್ಕಳು. "ಈಗ ಜೀವ ಬಂತು ನೋಡಿ. ಎಂಟು ದಿನದಿಂದ ಸತ್ತೇ ಇತ್ತು."

ಟಿಕ್ ಎಂದಿತು ಬೇಲಿ. ತ್ಯಾಂಪಣ್ಣ ಲೋಟ ಕೆಳಗಿಟ್ಟು, ಕೆಂಪು ವಯರನ್ನು ಸುತ್ತಿ ಉಸ್ಮಾನನ ಚೀಲಕ್ಕೆ ಹಾಕಿದ.